ಸೂರ್ಯ ಮಾಯವಾದ್ರೆ ಭೂಮಿಗೆ ಯಾವಾಗ ಗೊತ್ತಾಗುತ್ತೆ?

ಈ ವಾರದ ಎಪಿಸೋಡ್ ಪೂರ್ತಿ ಒಂದೇ ಪ್ರಶ್ನೆಯ ಮೇಲೆ. ಮಾಗೋಡಿನ ಹತ್ತಿರದ ಅಡಿಕೆ ತೋಟದ ಅಜ್ಜ ಒಬ್ಬರು ಮೊಮ್ಮಗನ ಫೋನಿಂದ ಕಳಿಸಿದ ವಾಯ್ಸ್ ನೋಟ್ ಇದು: "ತಮಾ, ಸೂರ್ಯನ ಬೆಳಕು ಇಲ್ಲಿಗೆ ಬಪ್ಪಲೆ ಎಂಟು ನಿಮಿಷ ಬೇಕು ಹೇಳ್ತ. ಹಂಗಾರೆ ಸೂರ್ಯನೇ ಮಾಯ ಆದ್ರೆ ಭೂಮಿಗೆ ಯಾವಾಗ ಗೊತ್ತಾಗ್ತು?"

ಅಜ್ಜ ಕೇಳ್ತಿರೋದು ಕತ್ತಲೆ ಬಗ್ಗೆ ಅಲ್ಲ. ಕತ್ತಲಾಗೋದು ಎಂಟು ನಿಮಿಷ ಆದ ಮೇಲೆ ಅಂತ ಅವರಿಗೆ ಗೊತ್ತು. ಅವರು ಕೇಳ್ತಿರೋದು ಎಳೆತದ ಬಗ್ಗೆ. ಭೂಮಿಯನ್ನು ಹಿಡಿದಿಟ್ಟಿರೋದು ಸೂರ್ಯನ ಗುರುತ್ವ. ಸೂರ್ಯ ಇಲ್ಲ ಅಂದ್ರೆ ಆ ಹಿಡಿತ ಆ ಕ್ಷಣವೇ ತಪ್ಪುತ್ತಾ, ಅಥವಾ ಅದಕ್ಕೂ ಎಂಟು ನಿಮಿಷ ಬೇಕಾ? ಇನ್ನೊಂದು ರೀತಿ ಹೇಳೋದಾದ್ರೆ, ಗುರುತ್ವಕ್ಕೆ ವೇಗ ಅಂತ ಇದೆಯಾ? ಇದ್ರೆ ಬೆಳಕಿಗಿಂತ ಜಾಸ್ತಿನಾ, ಕಮ್ಮಿನಾ?

ಉತ್ತರ ಮಾತ್ರ ಸಾಕು ಅನ್ನೋರಿಗೆ ಈಗಲೇ ಹೇಳಿಬಿಡ್ತೀನಿ: ಎಂಟು ನಿಮಿಷ ಇಪ್ಪತ್ತು ಸೆಕೆಂಡ್. ಬೆಳಕಿನ ಸುದ್ದಿ, ಗುರುತ್ವದ ಸುದ್ದಿ ಎರಡೂ ಒಟ್ಟಿಗೇ ಬರ್ತವೆ. ಆದರೆ ಈ ಉತ್ತರವನ್ನು ಅಳೆದು ಖಚಿತ ಮಾಡಿಕೊಂಡದ್ದು 2017ರಲ್ಲಿ. ಅದಕ್ಕೂ ಮೊದಲು 300 ವರ್ಷ ಬಹಳ ದೊಡ್ಡ ತಲೆಗಳು ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದವು.

ಬೀಳುವ ವೇಗ ಬೇರೆ, ಸುದ್ದಿಯ ವೇಗ ಬೇರೆ

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಬೇಡ್ತಿ ಹೊಳೆ ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತೆ. ಆ ನೀರು ಎಷ್ಟು ವೇಗವಾಗಿ ಬೀಳುತ್ತೆ ಅನ್ನೋದು ಒಂದು ಪ್ರಶ್ನೆ. ಅದು ನಮ್ಮ ಪ್ರಶ್ನೆ ಅಲ್ಲ. ನೀರನ್ನು ಎಳೀತಿರೋದು ಭೂಮಿ. ಆ ಭೂಮಿಯಲ್ಲಿ ಎಲ್ಲೋ ಒಂದು ಬದಲಾವಣೆ ಆದ್ರೆ, ಎಳೆತ ಬದಲಾಗಿದೆ ಅನ್ನೋ ವಿಷಯ ನೀರಿಗೆ ತಲುಪೋಕೆ ಎಷ್ಟು ಹೊತ್ತು ಬೇಕು ಅನ್ನೋದು ನಮ್ಮ ಪ್ರಶ್ನೆ. ಅಂದ್ರೆ ಎಳೆತದ ಸುದ್ದಿ ಓಡುವ ವೇಗ.

ನ್ಯೂಟನ್ 1687ರಲ್ಲಿ ಬರೆದ ಸೂತ್ರದಲ್ಲಿ ಎರಡು ದ್ರವ್ಯರಾಶಿ ಇವೆ, ನಡುವಿನ ದೂರ ಇದೆ. ಸಮಯ ಅನ್ನೋದೇ ಇಲ್ಲ. ನಾನು ಓದಿದ್ದು ಬಿ.ಕಾಂ, ಆ ಭಾಷೆಯಲ್ಲಿ ಹೇಳ್ತೀನಿ: ಇಲ್ಲಿ ಡೆಬಿಟ್ ಆದ ಕ್ಷಣವೇ ಅಲ್ಲಿ ಕ್ರೆಡಿಟ್, ಕ್ಲಿಯರಿಂಗ್‌ಗೆ ಸೊನ್ನೆ ಸೆಕೆಂಡ್. ಸೂರ್ಯ ಅಲ್ಲಾಡಿದ್ರೆ ಭೂಮಿಗೆ ಆಗಲೇ ಗೊತ್ತು. ನಡುವೆ 15 ಕೋಟಿ ಕಿಲೋಮೀಟರ್ ಖಾಲಿ ಜಾಗ ಇದ್ರೂ ಲೆಕ್ಕಕ್ಕಿಲ್ಲ. ಇದು ನ್ಯೂಟನ್‌ಗೇ ಸರಿ ಕಾಣಿಸಿರಲಿಲ್ಲ. ಮಧ್ಯೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಎಳೆಯುತ್ತೆ ಅನ್ನೋದನ್ನು ನಂಬೋಕಾಗಲ್ಲ ಅನ್ನೋ ಅರ್ಥದಲ್ಲಿ ರಿಚರ್ಡ್ ಬೆಂಟ್ಲಿ ಅನ್ನೋ ಪಾದ್ರಿಗೆ ಪತ್ರ ಬರೆದಿದ್ದಾನೆ. ಆದರೆ ಸೂತ್ರ ಕೆಲಸ ಮಾಡ್ತಿತ್ತು. ಗ್ರಹಣದ ಲೆಕ್ಕ ಸರಿ ಬರ್ತಿತ್ತು. ಹಾಗಾಗಿ ಯಾರೂ ಕೈ ಹಾಕಲಿಲ್ಲ.

ಮಳೆ, ಕೊಡೆ ಮತ್ತು ಲಾಪ್ಲಾಸ್

ಕೈ ಹಾಕಿದವನು ಫ್ರಾನ್ಸಿನ ಲಾಪ್ಲಾಸ್, 1805ರಲ್ಲಿ. ಅವನ ವಾದ ಅರ್ಥ ಆಗೋಕೆ ಯಲ್ಲಾಪುರದ ಜುಲೈ ತಿಂಗಳ ಮಳೆ ಸಾಕು.

ಗಾಳಿ ಇಲ್ಲದ ಮಳೆ, ನೆಟ್ಟಗೆ ಬೀಳ್ತಿದೆ. ನೀವು ನಿಂತಿದ್ರೆ ಕೊಡೆಯನ್ನು ನೆಟ್ಟಗೆ ಹಿಡೀತೀರಿ. ಬಸ್ ಹಿಡಿಯೋಕೆ ಓಡೋಕೆ ಶುರು ಮಾಡಿದ್ರೆ ಕೊಡೆಯನ್ನು ಮುಂದಕ್ಕೆ ಬಾಗಿಸ್ತೀರಿ, ಇಲ್ಲಾಂದ್ರೆ ಎದೆ ಒದ್ದೆ. ಮಳೆ ನೆಟ್ಟಗೇ ಬೀಳ್ತಿದ್ರೂ ಓಡುವವರಿಗೆ ಅದು ಮುಂದಿನಿಂದ ಓರೆಯಾಗಿ ಬಂದಂತೆ ಕಾಣುತ್ತೆ. ಸೂರ್ಯನ ಬೆಳಕಿಗೂ ಹೀಗೇ. ಭೂಮಿ ಸೆಕೆಂಡಿಗೆ 30 ಕಿಲೋಮೀಟರ್ ಓಡ್ತಿದೆ, ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅನುಪಾತ ಹತ್ತು ಸಾವಿರಕ್ಕೆ ಒಂದು. ಅಷ್ಟು ಸಣ್ಣ ಓರೆಯಲ್ಲಿ ಬೆಳಕು ಬರುತ್ತೆ, ಅದನ್ನು ಅಳೆದೂ ಇದ್ದಾರೆ.

ಈಗ ಲಾಪ್ಲಾಸ್ ಕೇಳಿದ್ದು: ಗುರುತ್ವವೂ ಹೀಗೇ ಸೂರ್ಯನಿಂದ ಹರಿದು ಬರ್ತಿದ್ರೆ, ಅದೂ ಓರೆಯಾಗಿ ಬರಬೇಕಲ್ವಾ? ಹಾಗೆ ಬಂದ್ರೆ ಎಳೆತ ಸರಿಯಾಗಿ ಸೂರ್ಯನ ಕಡೆಗೆ ಇರಲ್ಲ, ಚೂರು ಭೂಮಿ ಹೋಗ್ತಿರೋ ದಿಕ್ಕಿಗೆ ವಾಲಿರುತ್ತೆ. ಅಂದ್ರೆ ಭೂಮಿಯನ್ನು ಯಾರೋ ಹಿಂದಿನಿಂದ ಸದಾ ಮೆಲ್ಲಗೆ ನೂಕ್ತಾ ಇದ್ದಂತೆ. ಉಯ್ಯಾಲೆಯನ್ನು ಪ್ರತಿ ಸಲ ಚೂರೇ ಚೂರು ನೂಕಿದ್ರೂ ಅದು ಎತ್ತರಕ್ಕೆ ಹೋಗುತ್ತಲ್ಲ, ಹಾಗೆ ಭೂಮಿ ಸುತ್ತು ಸುತ್ತಿಗೂ ಸೂರ್ಯನಿಂದ ದೂರ ಸರೀತಾ ಹೋಗಬೇಕು.

ಎಷ್ಟು ಬೇಗ? ಗುರುತ್ವ ಬೆಳಕಿನ ವೇಗದಲ್ಲಿ ಹೀಗೆ ಮಳೆಯ ಥರ ಬರ್ತಿದ್ರೆ, ಸುಮಾರು 1200 ವರ್ಷದಲ್ಲಿ ಸೂರ್ಯ-ಭೂಮಿಯ ದೂರ ಎರಡು ಪಟ್ಟಾಗುತ್ತೆ. 1200 ವರ್ಷ ಅಂದ್ರೆ ಎಷ್ಟು ಹಿಂದೆ? ಹೆಚ್ಚುಕಡಿಮೆ ಅಮೋಘವರ್ಷ ನೃಪತುಂಗನ ಕಾಲ. ಆಗ ಕವಿರಾಜಮಾರ್ಗ ಬರೆದವರು ನೋಡಿದ ಸೂರ್ಯ ನಮ್ಮ ಸೂರ್ಯನಿಗಿಂತ ಬಹಳ ಅಗಲ ಕಾಣಬೇಕಿತ್ತು, ಒಂದು ವರ್ಷಕ್ಕೆ ಈಗಿಗಿಂತ ಎಷ್ಟೋ ಕಡಿಮೆ ದಿನ ಇರಬೇಕಿತ್ತು. ಹಾಗೇನೂ ಇರಲಿಲ್ಲ. ಮಳೆಗಾಲ ಆಗಲೂ ಮಳೆಗಾಲದಲ್ಲೇ ಬರ್ತಿತ್ತು.

ಹಾಗಾಗಿ ಲಾಪ್ಲಾಸ್ ತೀರ್ಮಾನಕ್ಕೆ ಬಂದ: ಗುರುತ್ವಕ್ಕೆ ವೇಗ ಇದ್ದರೂ ಅದು ಬೆಳಕಿನ ಕನಿಷ್ಠ 70 ಲಕ್ಷ ಪಟ್ಟು ಇರಬೇಕು. ಯೂಟ್ಯೂಬಲ್ಲಿ, ವಾಟ್ಸಾಪಲ್ಲಿ ಈಗಲೂ "ಗುರುತ್ವ ಬೆಳಕಿಗಿಂತ ಲಕ್ಷಾಂತರ ಪಟ್ಟು ವೇಗ, ವಿಜ್ಞಾನಿಗಳು ಮುಚ್ಚಿಟ್ಟಿದ್ದಾರೆ" ಅಂತ ವಿಡಿಯೋ ಓಡಾಡುತ್ತೆ. ಮುಚ್ಚಿಟ್ಟದ್ದೇನೂ ಇಲ್ಲ. ಅದು ಎರಡು ಶತಮಾನ ಹಳೆಯ ಲಾಪ್ಲಾಸ್ ಲೆಕ್ಕ. ಲೆಕ್ಕ ಸರಿಯಾಗೇ ಇದೆ. ಗುರುತ್ವ ಮಳೆಯ ಥರ ಬರುತ್ತೆ ಅನ್ನೋ ಊಹೆ ತಪ್ಪು.

ಬಸ್ಸಿಂದ ಬಂದ ಫೋನ್

ಊಹೆ ಎಲ್ಲಿ ತಪ್ಪಿತು ಅಂತ ತೋರಿಸಿದ್ದು ಐನ್‌ಸ್ಟೈನ್‌ನ ಸಿದ್ಧಾಂತ, 1915ರದ್ದು. ಇದು ಈ ಎಪಿಸೋಡಿನ ಕಷ್ಟದ ಭಾಗ. ಎಡಿಟ್ ಮಾಡುವಾಗ ತೆಗೆದುಬಿಡೋಣ ಅನ್ನಿಸಿತ್ತು. ಆದರೆ ಇದು ಅರ್ಥ ಆಗದೆ ಉಳಿದದ್ದೆಲ್ಲ ಬರೀ ಸಾಮಾನ್ಯ ಜ್ಞಾನ ಆಗಿಬಿಡುತ್ತೆ. ನಿಧಾನಕ್ಕೆ ಓದಿ.

ನಿಮ್ಮ ತಂಗಿ ಯಲ್ಲಾಪುರದಿಂದ ಬಸ್ಸಲ್ಲಿ ಬರ್ತಿದ್ದಾಳೆ. ದಾರಿಯಲ್ಲಿ ಒಂದು ಕಡೆ ಸಿಗ್ನಲ್ ಸಿಕ್ಕಾಗ ಫೋನ್ ಮಾಡ್ತಾಳೆ: "ಈಗ ಇಂಥ ತಿರುವಿನ ಹತ್ತಿರ ಇದ್ದೀನಿ, ಬಸ್ ನಲವತ್ತರ ಸ್ಪೀಡಲ್ಲಿ ಹೋಗ್ತಿದೆ." ಅಷ್ಟಕ್ಕೇ ನೆಟ್‌ವರ್ಕ್ ಹೋಯ್ತು. ಹತ್ತು ನಿಮಿಷ ಆದ ಮೇಲೆ ಅಮ್ಮ ಕೇಳಿದ್ರೆ ನೀವು "ಆ ತಿರುವಿನ ಹತ್ತಿರ ಇದ್ದಾಳೆ" ಅನ್ನಲ್ಲ. ಹತ್ತು ನಿಮಿಷಕ್ಕೆ ಆರೇಳು ಕಿಲೋಮೀಟರ್ ಸೇರಿಸಿ, "ಈಗ ಇಲ್ಲಿಗೆ ಬಂದಿರ್ತಾಳೆ" ಅಂತೀರಿ. ಸುದ್ದಿ ಹಳೆಯದು, ಆದರೆ ನಿಮ್ಮ ಬೆರಳು ತೋರಿಸೋದು ಬಸ್ಸು ಈಗ ಇರುವ ಜಾಗವನ್ನೇ. ಯಾಕಂದ್ರೆ ಸುದ್ದಿಯಲ್ಲಿ ಜಾಗದ ಜೊತೆ ವೇಗವೂ ಇತ್ತು.

ಗುರುತ್ವ ಕೂಡ ಹೀಗೇ ಸುದ್ದಿ ಕಳಿಸುತ್ತೆ. "ನಾನು ಇಲ್ಲಿದ್ದೆ" ಅನ್ನೋದಷ್ಟೇ ಅಲ್ಲ, "ಹೀಗೆ ಚಲಿಸ್ತಿದ್ದೆ" ಅನ್ನೋದೂ ಅದರಲ್ಲಿ ಸೇರಿರುತ್ತೆ. ಹಾಗಾಗಿ ಭೂಮಿಗೆ ತಲುಪಿದ ಸುದ್ದಿ ಎಂಟು ನಿಮಿಷ ಹಳೆಯದಾದ್ರೂ ಎಳೆತದ ದಿಕ್ಕು ಸೂರ್ಯ ಈಗ ಇರುವ ಕಡೆಗೇ ಇರುತ್ತೆ. ಲಾಪ್ಲಾಸ್ ಹೆದರಿದ ಆ ಓರೆ ತನ್ನಷ್ಟಕ್ಕೆ ತಾನೇ ರದ್ದಾಗುತ್ತೆ. ವಿದ್ಯುತ್ ಚಾರ್ಜ್‌ಗಳ ನಡುವಿನ ಸೆಳೆತದಲ್ಲೂ ಇದೇ ಆಗುತ್ತೆ, ಇದು ಗುರುತ್ವಕ್ಕೆ ಮಾತ್ರ ಕೊಟ್ಟ ವಿನಾಯಿತಿ ಅಲ್ಲ.

ಆದರೆ ಬಸ್ಸು ಫೋನ್ ಮಾಡಿದ ಮೇಲೆ ಪಂಕ್ಚರ್ ಆದ್ರೆ? ನಿಮ್ಮ ಬೆರಳು ತಪ್ಪು ಜಾಗ ತೋರಿಸ್ತಾನೇ ಇರುತ್ತೆ, ಮುಂದಿನ ಫೋನ್ ಬರೋವರೆಗೆ. ನಿಜವಾದ ವೇಗ ಗೊತ್ತಾಗೋದು ಇಂಥ ಅನಿರೀಕ್ಷಿತ ಬದಲಾವಣೆ ಆದಾಗ ಮಾತ್ರ. ಆ ಹೊಸ ಸುದ್ದಿ ಅಲೆಯಾಗಿ ಹೊರಡುತ್ತೆ, ಅದು ಓಡೋದು ಬೆಳಕಿನ ವೇಗದಲ್ಲಿ ಅಂತ ಐನ್‌ಸ್ಟೈನ್‌ನ ಸಮೀಕರಣ ಹೇಳುತ್ತೆ. ಇದನ್ನೇ ಗುರುತ್ವ ಅಲೆ ಅನ್ನೋದು.

ಅಜ್ಜನ ಪ್ರಶ್ನೆಗೆ ಈಗ ಸರಿಯಾದ ಉತ್ತರ ಕೊಡಬಹುದು. ಸೂರ್ಯ ಸುಮ್ಮನೆ ಮಾಯ ಆಗೋಕೆ ಪ್ರಕೃತಿ ಬಿಡಲ್ಲ, ಅಷ್ಟು ದ್ರವ್ಯ ಎಲ್ಲಿಗಾದ್ರೂ ಹೋಗಲೇಬೇಕು. ಆದರೆ ಯಾರೋ ಸೂರ್ಯನನ್ನು ಇದ್ದಕ್ಕಿದ್ದಂತೆ ಎಳೆದುಕೊಂಡು ಹೋದರು ಅಂತ ಇಟ್ಟುಕೊಳ್ಳಿ. ಎಂಟು ನಿಮಿಷ ಇಪ್ಪತ್ತು ಸೆಕೆಂಡ್ ಭೂಮಿ ಏನೂ ಆಗಿಲ್ಲ ಅನ್ನೋ ಹಾಗೆ ಸುತ್ತುತ್ತೆ. ಮಾಗೋಡಿನ ಹತ್ತಿರ ಜೇನುಕಲ್ಲು ಗುಡ್ಡದ ಮೇಲೆ ಸೂರ್ಯಾಸ್ತ ನೋಡ್ತಾ ನಿಂತವರಿಗೆ ಸೂರ್ಯ ಕಾಣ್ತಾನೇ ಇರ್ತಾನೆ. ಆಮೇಲೆ ಬೆಳಕು ಹೋಗೋದೂ ಹಿಡಿತ ಬದಲಾಗೋದೂ ಒಂದೇ ಕ್ಷಣಕ್ಕೆ.

ಇನ್ನೊಂದು ಮಾತು. ನಾವು "ಬೆಳಕಿನ ವೇಗ" ಅನ್ನೋದು ಹಳೆ ಅಭ್ಯಾಸ. 1676ರಲ್ಲಿ ರೋಮರ್ ಗುರು ಗ್ರಹದ ಉಪಗ್ರಹ ನೋಡಿ ಬೆಳಕಿಗೆ ವೇಗ ಇದೆ ಅಂತ ಮೊದಲು ಕಂಡುಹಿಡಿದ. ಹಾಗಾಗಿ ಹೆಸರು ಬೆಳಕಿಗೆ ಸಿಕ್ಕಿತು. ವಾಸ್ತವದಲ್ಲಿ ಸೆಕೆಂಡಿಗೆ 2,99,792 ಕಿಲೋಮೀಟರ್ ಅನ್ನೋದು ಈ ಜಗತ್ತಿನ ರಸ್ತೆಯ ಸ್ಪೀಡ್ ಲಿಮಿಟ್. ತೂಕ ಇಲ್ಲದ್ದು ಯಾವುದೇ ಇರಲಿ, ಆ ಲಿಮಿಟ್‌ನಲ್ಲೇ ಓಡುತ್ತೆ. ಬೆಳಕು ಆ ರಸ್ತೆಯ ಒಂದು ಗಾಡಿ, ಗುರುತ್ವ ಅಲೆ ಇನ್ನೊಂದು.

ಏಳು ಮಿಲಿಸೆಕೆಂಡ್

ಸಿದ್ಧಾಂತ ಹೇಳಿತು ಸರಿ, ಅಳೆಯೋದು ಹೇಗೆ? ಟಾರ್ಚ್ ಆನ್-ಆಫ್ ಮಾಡಿದ ಹಾಗೆ ಗುರುತ್ವವನ್ನು ಆನ್-ಆಫ್ ಮಾಡೋಕಾಗಲ್ಲ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಪತ್ತೆ ಮಾಡಿದ ಜೋಡಿ ನಕ್ಷತ್ರಗಳಿಂದ ಪರೋಕ್ಷ ಸಾಕ್ಷಿ ಸಿಕ್ಕಿತು. ಅವು ಒಂದನ್ನೊಂದು ಸುತ್ತುವ ಅವಧಿ ವರ್ಷಕ್ಕೆ ಸುಮಾರು 76 ಮೈಕ್ರೋಸೆಕೆಂಡ್ ಕಡಿಮೆ ಆಗ್ತಿದೆ, ಶಕ್ತಿ ಗುರುತ್ವ ಅಲೆಯಾಗಿ ಸೋರಿ ಹೋಗ್ತಿದೆ. ಆದರೆ ನೇರ ಅಳತೆಗೆ ಅಲೆಯೇ ಕೈಗೆ ಸಿಗಬೇಕಿತ್ತು.

ಅದು ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು. ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ನಲ್ಲಿ ಲಿಗೋ ಅನ್ನೋ ಎರಡು ಯಂತ್ರಗಳಿವೆ. ಒಂದೊಂದರಲ್ಲೂ ಎಲ್ ಆಕಾರದಲ್ಲಿ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ಕೊಳವೆ, ಒಳಗೆ ಲೇಸರ್. ಗುರುತ್ವ ಅಲೆ ಹಾದುಹೋದ್ರೆ ಒಂದು ಕೊಳವೆ ಚೂರು ಹಿಗ್ಗಿ ಇನ್ನೊಂದು ಕುಗ್ಗುತ್ತೆ. ಚೂರು ಅಂದ್ರೆ ಪ್ರೋಟಾನಿನ ಅಗಲದ ಸಾವಿರದಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಎರಡು ಕಪ್ಪುರಂಧ್ರಗಳು ಡಿಕ್ಕಿ ಹೊಡೆದ ಅಲೆ ಮೊದಲು ಲಿವಿಂಗ್‌ಸ್ಟನ್‌ಗೆ ಬಂತು, ಸುಮಾರು 7 ಮಿಲಿಸೆಕೆಂಡ್ ಆದ ಮೇಲೆ ಹ್ಯಾನ್‌ಫರ್ಡ್‌ಗೆ. ಎರಡರ ನಡುವಿನ ದೂರ ಸುಮಾರು 3000 ಕಿಲೋಮೀಟರ್, ಬೆಳಕಿಗೆ 10 ಮಿಲಿಸೆಕೆಂಡ್ ದಾರಿ.

ನ್ಯೂಟನ್‌ನ ಕ್ಲಿಯರಿಂಗ್ ಟೈಮ್ ಸೊನ್ನೆ ಅನ್ನೋದು ಆ 7 ಮಿಲಿಸೆಕೆಂಡ್‌ಗೆ ಮುಗಿದುಹೋಯ್ತು. ಸುದ್ದಿ ತಕ್ಷಣ ತಲುಪೋದಾಗಿದ್ರೆ ಎರಡೂ ಕಡೆ ಒಂದೇ ಸಮಯಕ್ಕೆ ಬರಬೇಕಿತ್ತು. ಲಾಪ್ಲಾಸನ 70 ಲಕ್ಷ ಪಟ್ಟೂ ಹೋಯ್ತು. ಆದರೆ ಅಲೆ ಯಾವ ಓರೆಯಲ್ಲಿ ಬಂತು ಅಂತ ಸರಿಯಾಗಿ ಗೊತ್ತಿಲ್ಲದೆ ವೇಗ ಖಚಿತ ಆಗಲ್ಲ. ಮೊದಲ ಕೆಲವು ಅಲೆಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದಾಗ ಸಿಕ್ಕಿದ್ದು ಇಷ್ಟೇ: ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು, ಒಂದೂವರೆ ಪಟ್ಟಿಗಿಂತ ಕಡಿಮೆ. ಅಡಿಕೆ ತೂಕವನ್ನು ಹೀಗೆ ಹೇಳಿದ್ರೆ ಯಾವ ಸೊಸೈಟಿಯಲ್ಲೂ ಒಪ್ಪಲ್ಲ.

ಈ ಅಲೆಗಳ ವಿಷಯ ಬಂದಾಗ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋಗೋಕಾಗಲ್ಲ. ಸಿ. ವಿ. ವಿಶ್ವೇಶ್ವರ, 1938ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು. 1970ರಲ್ಲಿ, ಕಪ್ಪುರಂಧ್ರ ಅನ್ನೋದು ಇದೆಯೋ ಇಲ್ಲವೋ ಅಂತಲೇ ಅನೇಕರಿಗೆ ಅನುಮಾನ ಇದ್ದ ಕಾಲದಲ್ಲಿ, ಅದಕ್ಕೆ ಪೆಟ್ಟು ಬಿದ್ರೆ ಏನಾಗುತ್ತೆ ಅಂತ ಲೆಕ್ಕ ಮಾಡಿದರು. ದೇವಸ್ಥಾನದ ಕಂಚಿನ ಗಂಟೆ ಬಾರಿಸಿದ್ರೆ ಗುಂಯ್ ಅಂದು ಮೆಲ್ಲಗೆ ಇಳಿಯುತ್ತಲ್ಲ, ಹಾಗೆ ಕಪ್ಪುರಂಧ್ರವೂ ತನ್ನದೇ ಒಂದು ಸ್ವರದಲ್ಲಿ ನಡುಗಿ, ಆ ನಡುಕವನ್ನು ಗುರುತ್ವ ಅಲೆಯಾಗಿ ಬಿಟ್ಟು ಸುಮ್ಮನಾಗುತ್ತೆ ಅಂತ ತೋರಿಸಿದರು. 2015ರ ಅಲೆಯ ಬಾಲದಲ್ಲಿ ಇದ್ದದ್ದು ಅಂಥದ್ದೇ ಗುಂಯ್. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಇವರೇ. ಸ್ಕೂಲ್ ಟ್ರಿಪ್‌ನಲ್ಲಿ ಅಲ್ಲಿ ಕತ್ತು ಎತ್ತಿ ಕೂತವರು ನಮ್ಮಲ್ಲಿ ಎಷ್ಟು ಜನ ಇಲ್ಲ! ತಮ್ಮ ಲೆಕ್ಕದ ಅಲೆ ಪತ್ತೆಯಾದದ್ದನ್ನು ಅವರು ನೋಡಿದರು. 2017ರ ಜನವರಿಯಲ್ಲಿ ತೀರಿಕೊಂಡರು. ಅದಾಗಿ ಏಳು ತಿಂಗಳಿಗೆ ಗುರುತ್ವದ ವೇಗಕ್ಕೆ ಉತ್ತರ ಬಂತು.

17 ಆಗಸ್ಟ್ 2017, ಸಂಜೆ 6.11

ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಎಣಿಸಿದ್ದೀರಾ? ಮೂರು ಸೆಕೆಂಡ್ ಆದ್ರೆ ಸಿಡಿಲು ಒಂದು ಕಿಲೋಮೀಟರ್ ದೂರ. ಒಂದೇ ಘಟನೆ, ಅದರಿಂದ ಹೊರಟ ಎರಡು ಸುದ್ದಿ, ಒಂದು ವೇಗ, ಒಂದು ನಿಧಾನ. ನಡುವಿನ ಅಂತರ ನೋಡಿದ್ರೆ ಎರಡರ ವೇಗ ಹೋಲಿಸಬಹುದು. ಗುರುತ್ವಕ್ಕೂ ಇದೇ ಉಪಾಯ ಬೇಕಿತ್ತು. ಬೆಳಕನ್ನೂ ಗುರುತ್ವ ಅಲೆಯನ್ನೂ ಒಟ್ಟಿಗೆ ಬಿಡುವ ಒಂದು ಸಿಡಿಲು.

ಕಪ್ಪುರಂಧ್ರಗಳು ಡಿಕ್ಕಿ ಹೊಡೆದ್ರೆ ಸಾಮಾನ್ಯವಾಗಿ ಬೆಳಕು ಬರಲ್ಲ. ನ್ಯೂಟ್ರಾನ್ ನಕ್ಷತ್ರಗಳಾದ್ರೆ ಬರುತ್ತೆ. ಸೂರ್ಯನಿಗಿಂತ ಹೆಚ್ಚು ದ್ರವ್ಯವನ್ನು ಒಂದು ಪಟ್ಟಣದಷ್ಟು ಅಗಲದಲ್ಲಿ ತುರುಕಿದಂಥ ಉಂಡೆಗಳು ಅವು. ಎನ್‌ಜಿಸಿ 4993 ಅನ್ನೋ ಗೆಲಾಕ್ಸಿಯಲ್ಲಿ ಅಂಥ ಎರಡು ಉಂಡೆಗಳು ಸುತ್ತಿ ಸುತ್ತಿ ಒಂದಕ್ಕೊಂದು ಡಿಕ್ಕಿ ಹೊಡೆದವು. ದೂರ ಸುಮಾರು 13 ಕೋಟಿ ಜ್ಯೋತಿರ್ವರ್ಷ. ಅಲೆ ಅಲ್ಲಿಂದ ಹೊರಟಾಗ ಇಲ್ಲಿ ಡೈನೋಸಾರ್‌ಗಳಿದ್ದವು, ಭಾರತ ಇನ್ನೂ ಮಡಗಾಸ್ಕರ್‌ಗೆ ಅಂಟಿಕೊಂಡಿತ್ತು. ಆ ಎರಡೂ ಬೇರೆಯಾದ ಕಾಲದ ಕಲ್ಲುಗಳನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನೋಡಬಹುದು. ಅಲೆಗೆ ಹೋಲಿಸಿದ್ರೆ ಆ ಕಲ್ಲುಗಳೂ ಈಚಿನವು.

ಅಲೆ ಭೂಮಿಗೆ ಬಂದದ್ದು 2017ರ ಆಗಸ್ಟ್ 17, ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷ 4 ಸೆಕೆಂಡ್. ಆ ಕ್ಷಣ ಆ ಗೆಲಾಕ್ಸಿ ನಮ್ಮ ಆಕಾಶದಲ್ಲಿ ಎಲ್ಲಿತ್ತು ಅಂತ ನಾನು ಕೂತು ಲೆಕ್ಕ ಹಾಕಿದೆ. ಮಾಗೋಡಿನಿಂದ ನೋಡಿದ್ರೆ ನೈಋತ್ಯ ದಿಕ್ಕಿಗೆ, ದಿಗಂತದಿಂದ ಸುಮಾರು 40 ಡಿಗ್ರಿ ಮೇಲೆ, ಚಿತ್ತಾ ನಕ್ಷತ್ರದ ಕೆಳಗೆ. ಸೂರ್ಯ ಇನ್ನೂ ಮುಳುಗಿರಲಿಲ್ಲ, ಮುಳುಗಿದ್ರೂ ದೊಡ್ಡ ದೂರದರ್ಶಕ ಇಲ್ಲದೆ ಡಿಕ್ಕಿಯ ಬೆಳಕು ಕಾಣುವಂಥದ್ದಲ್ಲ. ಅದು ನೇರ ನೆತ್ತಿಯ ಮೇಲಿದ್ದದ್ದು ಮೊಜಾಂಬಿಕ್ ಮತ್ತು ಮಡಗಾಸ್ಕರ್ ನಡುವಿನ ಸಮುದ್ರಕ್ಕೆ. ಅಂದ್ರೆ ಅಲೆ ನಮ್ಮ ಕಡೆಯಿಂದ ಭೂಮಿಗೆ ಬಡಿಯಿತು. ಮೊದಲು ನಮ್ಮನ್ನು ದಾಟಿ, ಆಮೇಲೆ ಇಟಲಿಯ ವರ್ಗೋ ಯಂತ್ರಕ್ಕೆ ಹೋಗಿ, ಭೂಮಿಯ ಹೊಟ್ಟೆಯೊಳಗಿಂದ ತೂರಿ, ವರ್ಗೋ ದಾಟಿ 22 ಮಿಲಿಸೆಕೆಂಡ್‌ಗೆ ಲಿವಿಂಗ್‌ಸ್ಟನ್, ಅಲ್ಲಿಂದ 3 ಮಿಲಿಸೆಕೆಂಡ್‌ಗೆ ಹ್ಯಾನ್‌ಫರ್ಡ್ ತಲುಪಿತು. ಮಾಗೋಡಿಗೆ ಲಿವಿಂಗ್‌ಸ್ಟನ್‌ಗಿಂತ ಸುಮಾರು 30 ಮಿಲಿಸೆಕೆಂಡ್ ಮೊದಲೇ ಸುದ್ದಿ ಬಂದಿತ್ತು. ಹೊಳೆ, ಬಂಡೆ, ತೋಟ, ಅಲ್ಲಿದ್ದ ಜನ ಎಲ್ಲರನ್ನೂ ಅದು ಅಳತೆಗೂ ಸಿಗದಷ್ಟು ಹಿಗ್ಗಿಸಿ ಕುಗ್ಗಿಸಿ ಹೋಯ್ತು. ನೀವು ಆ ಸಂಜೆ ಎಲ್ಲಿದ್ರೋ, ನಿಮ್ಮನ್ನೂ.

ಅಲೆ ಮುಗಿದು ಸುಮಾರು 1.7 ಸೆಕೆಂಡ್ ಆದ ಮೇಲೆ, ಭೂಮಿಯನ್ನು ಸುತ್ತುತ್ತಿದ್ದ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳ ಒಂದು ಚಿಕ್ಕ ಸ್ಫೋಟ ಕಾಣಿಸಿತು. ಗಾಮಾ ಕಿರಣ ಅಂದ್ರೆ ಬೆಳಕೇ, ಕಣ್ಣಿಗೆ ಕಾಣದ ಜಾತಿಯದ್ದು. ಎರಡೂ ಆಕಾಶದ ಒಂದೇ ಭಾಗದಿಂದ. ಇದು ಬರೀ ಕಾಕತಾಳೀಯ ಆಗಿರುವ ಸಾಧ್ಯತೆ 2 ಕೋಟಿಯಲ್ಲಿ ಒಂದು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. ಹತ್ತು ಹನ್ನೊಂದು ಗಂಟೆ ಕಳೆದ ಮೇಲೆ ಚಿಲಿ ದೇಶದ ಸ್ವೋಪ್ ದೂರದರ್ಶಕಕ್ಕೆ ಆ ಗೆಲಾಕ್ಸಿಯಲ್ಲಿ ಹಿಂದಿಲ್ಲದ ಒಂದು ಹೊಸ ಚುಕ್ಕೆಯೂ ಸಿಕ್ಕಿತು.

ಒಂದು ಕಿಲೋಮೀಟರ್ ದೂರದ ಸಿಡಿಲಿಗೆ ಮೂರು ಸೆಕೆಂಡ್ ಅಂತರ. ಇಲ್ಲಿ 13 ಕೋಟಿ ಜ್ಯೋತಿರ್ವರ್ಷಕ್ಕೆ 1.7 ಸೆಕೆಂಡ್.

ಲೆಕ್ಕ ನಾನು ಇಷ್ಟಪಡೋ ಭಾಗ, ಮಾಡೋಣ. ಗುರುತ್ವ ಬೆಳಕಿಗಿಂತ ಶೇಕಡಾ ಒಂದರಷ್ಟು ನಿಧಾನ ಆಗಿದ್ರೆ 13 ಲಕ್ಷ ವರ್ಷ ತಡ ಆಗಬೇಕಿತ್ತು. ಕೋಟಿಯಲ್ಲಿ ಒಂದು ಪಾಲು ನಿಧಾನ ಆಗಿದ್ರೂ 13 ವರ್ಷ ತಡ. 13 ಕೋಟಿ ವರ್ಷವನ್ನು ಸೆಕೆಂಡ್ ಮಾಡಿದ್ರೆ ಸುಮಾರು 41 ಕೋಟಿ ಕೋಟಿ. ಕೋಟಿ ಅನ್ನೋದು ಎರಡು ಸಲ, ಟೈಪಿಂಗ್ ತಪ್ಪಲ್ಲ. ಅಷ್ಟು ರೂಪಾಯಿ ಇಟ್ಟರೆ ಇಡೀ ಭಾರತದ ಒಂದು ವರ್ಷದ ಜಿಡಿಪಿಯ ಹತ್ತು ಪಟ್ಟಿಗೂ ಹೆಚ್ಚು. ಅಷ್ಟು ದೊಡ್ಡ ಲೆಕ್ಕಪತ್ರದಲ್ಲಿ ಬಂದ ವ್ಯತ್ಯಾಸ ಒಂದು ರೂಪಾಯಿ ಎಪ್ಪತ್ತು ಪೈಸೆ. ಯಾವ ಆಡಿಟರೂ ಸಹಿ ಹಾಕ್ತಾನೆ.

ಹಾಗಾದ್ರೆ ಆ 1.7 ಸೆಕೆಂಡ್ ಏನು? ಬಹುಶಃ ದಾರಿಯಲ್ಲಿ ಆದ ತಡ ಅಲ್ಲ, ಹೊರಡುವಾಗಲೇ ಆದ ತಡ. ನಕ್ಷತ್ರಗಳು ಸುತ್ತುತ್ತಿರುವಾಗಲೇ ಗುರುತ್ವ ಅಲೆ ಹೊರಡ್ತಾ ಇರುತ್ತೆ. ಗಾಮಾ ಕಿರಣ ಹೊರಡಬೇಕಾದ್ರೆ ಡಿಕ್ಕಿ ಮುಗಿದು, ಒಂದು ಜ್ವಾಲೆ ಹುಟ್ಟಿ, ಸುತ್ತ ಚೆಲ್ಲಿದ ದ್ರವ್ಯವನ್ನು ಸೀಳಿಕೊಂಡು ಹೊರಗೆ ಬರಬೇಕು. ಇದೆಲ್ಲ ಲೆಕ್ಕಕ್ಕೆ ಹಿಡಿದು, ಬೆಳಕು ಹತ್ತು ಸೆಕೆಂಡ್ ತಡವಾಗಿ ಹೊರಟಿರಬಹುದು ಅಂತ ಧಾರಾಳವಾಗಿ ಬಿಟ್ಟುಕೊಟ್ಟರೂ ಎರಡರ ವೇಗದಲ್ಲಿ ವ್ಯತ್ಯಾಸ ಇದ್ದರೆ ಅದು ಒಂದರ ಮುಂದೆ ಹದಿನೈದು ಸೊನ್ನೆ ಹಾಕಿದ ಸಂಖ್ಯೆಯಲ್ಲಿ ಮೂರು ಪಾಲಿನಷ್ಟು, ಅದಕ್ಕಿಂತ ಹೆಚ್ಚಲ್ಲ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಬ್ರಹ್ಮಾಂಡ ಯಾಕೆ ವೇಗ ಹೆಚ್ಚಿಸಿಕೊಂಡು ಹಿಗ್ಗುತ್ತಿದೆ ಅನ್ನೋದಕ್ಕೆ ಐನ್‌ಸ್ಟೈನ್ ಸಿದ್ಧಾಂತವನ್ನೇ ತಿದ್ದಿ ಉತ್ತರ ಹುಡುಕ್ತಿದ್ದ ಎಷ್ಟೋ ಸಿದ್ಧಾಂತಗಳಲ್ಲಿ ಗುರುತ್ವದ ವೇಗ ಬೆಳಕಿಗಿಂತ ಚೂರು ಬೇರೆ ಇತ್ತು. ಕೆಲವರು ವರ್ಷಗಟ್ಟಲೆ ಕೂತು ಕಟ್ಟಿದ್ದ ಮಾದರಿಗಳು. ಅವುಗಳಲ್ಲಿ ಬಹಳಷ್ಟು ಆ 1.7 ಸೆಕೆಂಡಿಗೆ ಬಿದ್ದುಹೋದವು. ಹಿಗ್ಗುವಿಕೆಯ ಒಗಟು ಹಾಗೇ ಉಳಿದಿದೆ, ಉತ್ತರದ ಪಟ್ಟಿ ಮಾತ್ರ ಚಿಕ್ಕದಾಗಿದೆ.

ಭೂಕಂಪಕ್ಕೂ ಇದಕ್ಕೂ ಏನು ಸಂಬಂಧ

"ಇದರಿಂದ ನಮಗೇನು?" ಅಂತ ಪ್ರತಿ ವಿಜ್ಞಾನದ ಎಪಿಸೋಡಿಗೂ ಕಾಮೆಂಟ್ ಬರುತ್ತೆ. ಈ ಸಲ ಉತ್ತರ ಇದೆ.

2011ರ ಮಾರ್ಚ್ 11ರಂದು ಜಪಾನಿನ ತೊಹೊಕು ಕರಾವಳಿಯಲ್ಲಿ ಭೂಕಂಪ ಆಯ್ತು. ಅದರ ನಿಜವಾದ ತೀವ್ರತೆ 9ಕ್ಕಿಂತ ಹೆಚ್ಚು. ಮೊದಲ ಮೂರು ನಿಮಿಷದಲ್ಲಿ ಜಪಾನಿನ ಹವಾಮಾನ ಸಂಸ್ಥೆ ಅಂದಾಜು ಮಾಡಿದ್ದು 7.9. ಆ ಲೆಕ್ಕದ ಮೇಲೆ ಹೇಳಿದ ಸುನಾಮಿಯ ಎತ್ತರ, ನಿಜಕ್ಕೂ ಬಂದದ್ದಕ್ಕಿಂತ ಎಷ್ಟೋ ಕಡಿಮೆ. ಸತ್ತವರು, ಕಾಣೆಯಾದವರು ಸೇರಿ 18 ಸಾವಿರಕ್ಕೂ ಹೆಚ್ಚು ಜನ. ದೊಡ್ಡ ಕಂಪನದ ಗಾತ್ರವನ್ನು ಬೇಗ ಅಳೆಯೋದು ಕಷ್ಟ, ಯಾಕಂದ್ರೆ ಕಂಪನದ ಅಲೆ ಕಲ್ಲಿನೊಳಗೆ ಓಡೋದು ಸೆಕೆಂಡಿಗೆ ಆರರಿಂದ ಎಂಟು ಕಿಲೋಮೀಟರ್. ಸಾವಿರ ಕಿಲೋಮೀಟರ್ ದೂರದ ಯಂತ್ರಕ್ಕೆ ತಲುಪೋಕೆ ಎರಡು ನಿಮಿಷಕ್ಕೂ ಹೆಚ್ಚು ಬೇಕು.

ಆದರೆ ಅಷ್ಟು ದೊಡ್ಡ ಭೂಕಂಪದಲ್ಲಿ ಅಪಾರ ಪ್ರಮಾಣದ ಬಂಡೆ ಜಾಗ ಬದಲಿಸುತ್ತೆ. ದ್ರವ್ಯ ಜಾಗ ಬದಲಿಸಿದ್ರೆ ಗುರುತ್ವ ಬದಲಾಗುತ್ತೆ. ಆ ಸುದ್ದಿ ಬೆಳಕಿನ ವೇಗದಲ್ಲಿ ಹೋಗುತ್ತೆ, ಕಂಪನಕ್ಕಿಂತ ಹತ್ತಾರು ಸಾವಿರ ಪಟ್ಟು ಬೇಗ. 2011ರಲ್ಲಿ ದಾಖಲಾದ ಕಂಪನಮಾಪಕಗಳ ಹಳೆಯ ದಾಖಲೆಗಳನ್ನೇ ಮತ್ತೆ ತೆಗೆದು ನೋಡಿದಾಗ, ನೆಲ ನಡುಗುವ ಮೊದಲೇ ಒಂದು ತೀರಾ ಸಣ್ಣ ಎಳೆತ ಅದರಲ್ಲಿ ಇದ್ದದ್ದು 2016 ಮತ್ತು 2017ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಹೊರಬಂತು. ಅದನ್ನು ಆಗಲೇ ಓದೋಕೆ ಬಂದಿದ್ರೆ ಇದು 9ರ ಭೂಕಂಪ ಅಂತ ಸುಮಾರು ಮೂರು ನಿಮಿಷಕ್ಕೇ ಹೇಳಬಹುದಿತ್ತು. ಇದು ಬಹಳ ದೊಡ್ಡ ಭೂಕಂಪಕ್ಕೆ ಮಾತ್ರ ಕೆಲಸ ಮಾಡುತ್ತೆ, ಸಂಕೇತ ಅಷ್ಟು ಕ್ಷೀಣ. ಆದರೆ ಕರಾವಳಿ ಕೊಚ್ಚಿಹೋಗೋದು ಅಂಥ ದೊಡ್ಡ ಭೂಕಂಪಕ್ಕೇ. 2004ರ ಡಿಸೆಂಬರಿನ ಸುನಾಮಿಯ ಹಿಂದೆ ಇದ್ದದ್ದೂ ಅಂಥದ್ದೇ.

ಹಿಂಗೋಲಿ

ಈಗ ಗುರುತ್ವ ಅಲೆಯ ಯಂತ್ರ ಭಾರತದಲ್ಲೂ ಬರ್ತಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದಲ್ಲಿ. ನಮ್ಮ ಬೀದರ್ ಪಕ್ಕದ ನಾಂದೇಡ್ ದಾಟಿದ್ರೆ ಹಿಂಗೋಲಿ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಖರ್ಚು ಸುಮಾರು 2,600 ಕೋಟಿ ರೂಪಾಯಿ. ಹೊಸ ಯಂತ್ರ ಯಾಕೆ ಬೇಕು ಅನ್ನೋದಕ್ಕೂ ಉತ್ತರ ಗುರುತ್ವದ ವೇಗದಲ್ಲೇ ಇದೆ. ಅಲೆ ಎಲ್ಲಿಂದ ಬಂತು ಅಂತ ಕಂಡುಹಿಡಿಯೋದು ಒಂದೊಂದು ಯಂತ್ರಕ್ಕೆ ಎಷ್ಟು ಮಿಲಿಸೆಕೆಂಡ್ ಅಂತರದಲ್ಲಿ ಬಂತು ಅನ್ನೋದರಿಂದ. ಮೂರು ಯಂತ್ರ ಸೇರಿ 2017ರ ಡಿಕ್ಕಿಯ ಜಾಗವನ್ನು ಆಕಾಶದ 28 ಚದರ ಡಿಗ್ರಿಗೆ ಇಳಿಸಿದ್ದವು. ಅಂದ್ರೆ ನೂರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರಗಳನ್ನು ಪಕ್ಕಪಕ್ಕ ಜೋಡಿಸಿದಷ್ಟು ಜಾಗ, ಅದರಲ್ಲಿ ಒಂದು ಚುಕ್ಕೆ ಹುಡುಕಬೇಕಿತ್ತು. ಉಳಿದ ಯಂತ್ರಗಳಿಂದ ಇಷ್ಟು ದೂರ, ಭೂಮಿಯ ಈ ಮಗ್ಗುಲಲ್ಲಿ ಇನ್ನೊಂದು ಇದ್ರೆ ಆ ಜಾಗ ಇನ್ನೂ ಕಿರಿದಾಗುತ್ತೆ, ದೂರದರ್ಶಕಗಳನ್ನು ಬೇಗ ಆ ಕಡೆ ತಿರುಗಿಸಬಹುದು.

ಅವತ್ತಿನ ಥರ ಆಫ್ರಿಕಾ ಕಡೆಯ ಆಕಾಶದಿಂದ ಅಲೆ ಬಂದ್ರೆ, ಅಮೆರಿಕದ ಎರಡೂ ಯಂತ್ರಗಳಿಗಿಂತ ಮೊದಲು ಅದು ತಲುಪೋದು ಹಿಂಗೋಲಿಗೆ.